ಸಂತೆ ಮುಗಿಯುವ ಹೊತ್ತಿನ ಬೆಲೆ: ನಾಗಪುರದ ಪೇಟೆಗಳ ಕಥೆ

ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಬೆಲೆ ಇಳಿಸಿದ ದಿನಸಿ, ತರಕಾರಿ, ಬ್ರೆಡ್ಡುಗಳನ್ನು ಕೊಂಡು ತರುವ ಜಾಣತನವು ಸೂಪರ್ ಮಾರ್ಕೆಟ್ಟುಗಳೊಡನೆ ಹುಟ್ಟಿತೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ದೊಡ್ಡ ಊರುಗಳ ಕೆಲವು ಮಳಿಗೆಗಳಲ್ಲಿ ರಾತ್ರಿಯಾಗುತ್ತ ಬಂದಂತೆ ಮೊಸರಿನ ಡಬ್ಬಿ, ಕತ್ತರಿಸಿಟ್ಟ ಹಣ್ಣು, ಬಾಡತೊಡಗಿದ ಸೊಪ್ಪುಗಳಿಗೆ ಇಳಿಸಿದ ಬೆಲೆಯ ಚೀಟಿ ಅಂಟಿಸುತ್ತಾರೆ. ಇದನ್ನು ಬಲ್ಲ ಗೃಹಿಣಿಯರೂ ಒಂಟಿಯಾಗಿರುವ ನೌಕರರೂ ಆ ಹೊತ್ತಿಗೇ ಚೀಲ ಹಿಡಿದು ಹೊರಡುತ್ತಾರೆ. ವಾಸ್ತವವಾಗಿ ಈ ಪದ್ಧತಿ ಸಂತೆಯಷ್ಟೇ ಹಳೆಯದು. ಅದರ ಜಾಡನ್ನು ಹಿಡಿದು ಹೋಗಲು ನಾಗಪುರದಂಥ ಊರು ಸಿಗುವುದು ಕಷ್ಟ. ಏಕೆಂದರೆ ಅಲ್ಲಿನ ಹಳೆಯ ಪೇಟೆಗಳಿಗೆಲ್ಲ ವಾರದ ದಿನಗಳದೇ ಹೆಸರು.

ಇತವಾರಿ, ಸೋಮವಾರಿ, ಮಂಗಳವಾರಿ, ಬುಧವಾರಿ, ಶುಕ್ರವಾರಿ, ಶನಿಚರಾ: ನಾಗಪುರದಲ್ಲಿ ಹೊಸದಾಗಿ ಮನೆ ಹುಡುಕುವ ಕನ್ನಡಿಗನಿಗೆ ಇದು ಊರೋ ಪಂಚಾಂಗವೋ ಎಂದು ಅನುಮಾನ ಬಂದರೆ ಆಶ್ಚರ್ಯವಿಲ್ಲ. ನಮಗೂ ಇದು ತೀರ ಅಪರಿಚಿತವಲ್ಲ. ಕೊಡಗಿನಲ್ಲಿ ಸೋಮವಾರಪೇಟೆ, ಶನಿವಾರಸಂತೆಗಳಿವೆ, ಚನ್ನಪಟ್ಟಣದಲ್ಲಿ ಮಂಗಳವಾರಪೇಟೆಯಿದೆ, ಬೆಳಗಾವಿಯವರಿಗೆ ಶನಿವಾರ ಖೂಟವನ್ನು ಯಾರೂ ವಿವರಿಸಬೇಕಾಗಿಲ್ಲ. ವಾರಕ್ಕೊಮ್ಮೆ ನೆರೆಯುವ ಸಂತೆಯ ಸುತ್ತ ಮೊದಲು ಗುಡಿಸಲು, ಆಮೇಲೆ ಅಂಗಡಿ, ಆಮೇಲೆ ಓಣಿ ಬೆಳೆದು, ಕೊನೆಗೆ ಸಂತೆಯ ದಿನವೇ ಓಣಿಯ ಹೆಸರಾಗಿ ನಿಂತಿತು. ಜುಮ್ಮಾ ತಲಾವ್ ಎಂಬ ಕೆರೆಗೆ ಶುಕ್ರವಾರಿ ತಲಾವ್ ಎಂದೂ ಹೆಸರು. ಎರಡರ ಅರ್ಥವೂ ಒಂದೇ ವಾರ. ಈಗ ಅದು ಗಾಂಧೀಸಾಗರ.

ನಾಗಪುರಕ್ಕೂ ಕನ್ನಡಕ್ಕೂ ಇರುವ ನಂಟು ಸಂತೆಗಳಿಗಿಂತ ಹಳೆಯದು. ಈ ಹೆಸರನ್ನು ಹೇಳುವ ಹಳೆಯ ದಾಖಲೆಯೊಂದು ನಮ್ಮ ರಾಷ್ಟ್ರಕೂಟರದು. ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ಮೂರನೆಯ ಕೃಷ್ಣನ ತಾಮ್ರಪಟದಲ್ಲಿ, ಶಕವರ್ಷ 862ರಲ್ಲಿ, ಅಂದರೆ ಕ್ರಿ.ಶ. 940ರಲ್ಲಿ, ನಾಗಪುರ-ನಂದಿವರ್ಧನ ವಿಷಯದ ಒಂದು ಹಳ್ಳಿಯನ್ನು ದಾನ ಕೊಟ್ಟ ಸಂಗತಿಯಿದೆ. ನಂದಿವರ್ಧನವೆಂದರೆ ರಾಮಟೇಕದ ಬಳಿಯ ಇಂದಿನ ನಗರಧನ. ಹತ್ತಿರದ ಶತಮಾನದಲ್ಲಿ ನೋಡುವುದಾದರೆ, 1960ರಲ್ಲಿ ಅಲ್ಲಿ ಸ್ಥಾಪನೆಯಾದ ಎಂಜಿನಿಯರಿಂಗ್ ಕಾಲೇಜಿಗೆ ಇಟ್ಟದ್ದು ನಮ್ಮ ವಿಶ್ವೇಶ್ವರಯ್ಯನವರ ಹೆಸರು. ನಡುವೆ ಸಾವಿರ ವರ್ಷ. ಅದರಲ್ಲಿ ಪೇಟೆಯ ಇತಿಹಾಸ ಆರಂಭವಾಗುವುದು ಗೊಂಡರಿಂದ.

ದೇವಗಡದ ಗೊಂಡ ಅರಸು ಬಖ್ತ್ ಬುಲಂದ್ ಶಾಹನು 1702ರ ಸುಮಾರಿಗೆ, ರಾಜಾಪುರ ಬಾರ್ಸಾ ಎಂದು ಕರೆಯುತ್ತಿದ್ದ ಹನ್ನೆರಡು ಚಿಕ್ಕ ಹಳ್ಳಿಗಳನ್ನು ಕೂಡಿಸಿ ನಗರ ಕಟ್ಟಿದ. ಅವನ ತರುವಾಯ ಬಂದ ಚಾಂದ್ ಸುಲ್ತಾನ ರಾಜಧಾನಿಯನ್ನು ಇಲ್ಲಿಗೆ ತಂದ; ಮೇಲೆ ಹೇಳಿದ ಕೆರೆ ಕಟ್ಟಿಸಿದವನೂ ಅವನೇ. 1743ರ ಹೊತ್ತಿಗೆ ರಾಜ್ಯ ರಘೂಜಿ ಭೋಸಲೆಯ ಕೈಸೇರಿತು. ಅರಮನೆಯಿದ್ದ ಮಹಾಲ ಒಂದು ಕಡೆ, ವ್ಯಾಪಾರಿಗಳ ಇತವಾರಿ ಇನ್ನೊಂದು ಕಡೆ ಬೆಳೆದವು. ನಾಗಪುರದ ಕಿತ್ತಳೆಯೂ ಭೋಸಲೆಯವರ ಕಾಲದಲ್ಲೇ ಬಂದಿತೆಂದು ಪ್ರತೀತಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂಜೆಯಾದಂತೆ ಬೆಲೆ ಏಕೆ ಇಳಿಯುತ್ತದೆ? ಮಾಲು ಬಾಡುತ್ತದೆ ಎಂಬುದು ಅರ್ಧ ಉತ್ತರ ಮಾತ್ರ. ನಾಗಪುರದ ಬೇಸಿಗೆ 45 ಡಿಗ್ರಿ ದಾಟುವಂಥದು. ಬೆಳಿಗ್ಗೆ ಕಿತ್ತ ಮೆಂತ್ಯ ಸಂಜೆಗೆ ತಲೆ ಬಗ್ಗಿಸುತ್ತದೆ, ನಿಜ. ಇನ್ನರ್ಧ ಉತ್ತರ ಮಾರುವವನ ಪರಿಸ್ಥಿತಿಯಲ್ಲಿದೆ. ಹಳ್ಳಿಯಿಂದ ಬುಟ್ಟಿ ಹೊತ್ತು ಬಂದವಳು ಕತ್ತಲಾಗುವ ಮೊದಲು ಮನೆ ಸೇರಬೇಕು. ಉಳಿದ ಬದನೆಕಾಯಿಯನ್ನು ಹೊತ್ತು ಹಿಂದಿರುಗಿದರೆ ಹೊರೆಯೂ ಅದೇ, ನಷ್ಟವೂ ಅದೇ. ಆದುದರಿಂದ ತಕ್ಕಡಿಯನ್ನು ಪಕ್ಕಕ್ಕಿಟ್ಟು, ಉಳಿದುದನ್ನು ಗುಡ್ಡೆ ಮಾಡಿ, ಗುಡ್ಡೆಗಿಷ್ಟು ಎಂದು ಕೂಗುತ್ತಾಳೆ. ಈ ಗುಡ್ಡೆಗೆ ಮರಾಠಿಯಲ್ಲಿ ‘ವಾಟಾ’ ಎಂಬ ಮಾತಿದೆ. ನಮ್ಮ ‘ಪಾಲು’ ಎಂಬ ಅರ್ಥವೇ. ಗುಡ್ಡೆಯಲ್ಲಿ ಒಳ್ಳೆಯದರ ಜೊತೆಗೆ ಹುಳುಕೂ ಸೇರಿರುತ್ತದೆ. ಕೊಳ್ಳುವವನಿಗೆ ಅದು ಗೊತ್ತು, ಮಾರುವವಳಿಗೂ ಗೊತ್ತು. ಅಲ್ಲಿ ಮೋಸವಿಲ್ಲ.

ಅದೇ ಪೇಟೆಯಲ್ಲಿ ಜೋಳ, ತೊಗರಿಬೇಳೆಗಳ ಅಂಗಡಿಯನ್ನು ನೋಡಿರಿ. ಅಲ್ಲಿ ಸಂಜೆಯ ರಿಯಾಯಿತಿ ಎಂಬುದಿಲ್ಲ. ಕಾಳು ರಾತ್ರಿ ಕಳೆದರೆ ಕೆಡುವುದಿಲ್ಲ. ಇತವಾರಿಯ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬೆಲೆ ಏರಲೂಬಹುದು. ಕಾಯಬಲ್ಲವನಿಗೆ ಸಂಜೆಯ ಭಯವಿಲ್ಲ, ಕಾಯಲಾರದವನಿಗೆ ಸಂಜೆಯೇ ಶತ್ರು. ಪೇಟೆಯ ಇತಿಹಾಸದಲ್ಲಿ ಈ ಭೇದವನ್ನು ಗಮನಿಸದಿದ್ದರೆ ಉಳಿದುದೊಂದೂ ಅರ್ಥವಾಗುವುದಿಲ್ಲ.

ಹತ್ತಿಯ ವಿಷಯದಲ್ಲಿ ಇದು ಬಹು ಕಟುವಾಗಿ ಕಂಡುಬಂತು. 1861ರಿಂದ 1865ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದಾಯಿತು. ವಿದರ್ಭದ ಕಪ್ಪುಮಣ್ಣಿನ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. 1867ರಲ್ಲಿ ಮುಂಬಯಿಯ ರೈಲು ನಾಗಪುರವನ್ನು ಮುಟ್ಟಿತು. ರೈತ ಗಾಡಿ ಹೂಡಿಕೊಂಡು ಪೇಟೆಗೆ ಬಂದನೇನೋ ಸರಿ, ಆದರೆ ಬೆಲೆ ಹೇಳುವವರು ದಲಾಲರು. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುವ ಪದ್ಧತಿ. ತನ್ನ ಮಾಲಿಗೆ ಏನು ಬೆಲೆ ಬಂತೆಂದು ಒಡೆಯನಿಗೇ ತಿಳಿಯದು. ಮೇಲೆ ಧರ್ಮಾದಾಯ, ತೂಕದ ಕಡಿತ, ಮಾದರಿಯೆಂದು ಎತ್ತಿಕೊಳ್ಳುವ ಹಿಡಿ. ಎತ್ತುಗಳಿಗೆ ಮೇವಿಲ್ಲ, ಊರು ದೂರ, ಹೊತ್ತು ಮುಳುಗುತ್ತ ಬಂದಿದೆ ಎನ್ನುವಾಗ ರೈತ ಸಿಕ್ಕ ಬೆಲೆಗೆ ಹೂಂ ಎನ್ನದೆ ಏನು ಮಾಡಿಯಾನು? ಕೊನೆಗೆ ಸರ್ಕಾರವೂ ಕಣ್ಣು ತೆರೆಯಬೇಕಾಯಿತು. ವರ್ಹಾಡದ ಕಾರಂಜದಲ್ಲಿ 1886ರಲ್ಲಿ ನಿಯಂತ್ರಿತ ಹತ್ತಿ ಪೇಟೆ ಏರ್ಪಟ್ಟಿತು. 1897ರಲ್ಲಿ ವರ್ಹಾಡದ ಹತ್ತಿ ಮತ್ತು ಧಾನ್ಯ ಪೇಟೆಗಳ ಕಾನೂನು ಬಂತು. ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ 1928ರಲ್ಲಿ ವರದಿ ಕೊಟ್ಟಾಗ ವರ್ಹಾಡದ ಈ ಪ್ರಯೋಗವನ್ನು ಮುಂದಿಟ್ಟುಕೊಂಡೇ ನಿಯಂತ್ರಿತ ಪೇಟೆಗಳ ವಿಚಾರ ಮಾತನಾಡಿತು. ಮೈಸೂರು ಸಂಸ್ಥಾನವೂ 1939ರಲ್ಲಿ ಇಂಥದೇ ಕಾನೂನು ಮಾಡಿತು. ಇಂದು ನಮ್ಮ ಊರುಗಳಲ್ಲಿ ಎ.ಪಿ.ಎಂ.ಸಿ. ಎಂದು ಹೇಳಿಕೊಳ್ಳುವ ಯಾರ್ಡುಗಳೆಲ್ಲದರ ಮೂಲ ಈ ನೆರೆಹೊರೆಯಲ್ಲಿದೆ.

ಹತ್ತಿಗೆ ಕಾನೂನು ಬಂತು, ಆದರೆ ಸೊಪ್ಪು ತರಕಾರಿಯ ಬುಟ್ಟಿಗೆ ಯಾವ ಕಾನೂನೂ ಬಹುಕಾಲ ಬರಲಿಲ್ಲ. ಅಷ್ಟರಲ್ಲಿ ಕೊಳ್ಳುವವರ ಹೊಸ ವರ್ಗವೊಂದು ಹುಟ್ಟಿತ್ತು. ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದ 1877ರ ಜನವರಿ 1ರಂದೇ ಜಮಶೇಟಜಿ ಟಾಟಾ ಅವರ ಎಂಪ್ರೆಸ್ ಮಿಲ್ ನಾಗಪುರದಲ್ಲಿ ಆರಂಭವಾಯಿತು. ಅದರ ಹೆಸರಿನ ಗುಟ್ಟು ಇಷ್ಟೇ. ಮಿಲ್ಲು ನಿಂತದ್ದು ಜುಮ್ಮಾ ತಲಾವಿನ ಬಳಿ, ಕಾಟನ್ ಮಾರ್ಕೆಟ್ಟಿಗೂ ದೂರವಲ್ಲ. ಪಾಳಿ ಮುಗಿಸಿ ಹೊರಬಿದ್ದ ಕೂಲಿಗಾರನಿಗೆ ಬೆಳಗಿನ ಪೇಟೆಯೆಂಬುದು ಎಲ್ಲಿಯದು? ಅವನ ಮನೆಯ ಒಲೆಗೆ ಸಂಜೆಯ ಗುಡ್ಡೆಯೇ ಗತಿ. ಬೆಳಗಿನ ಮಾಲು ಸಾಹೇಬರ ಬಂಗಲೆಗಳಿಗೆ, ಹೋಟೆಲುಗಳಿಗೆ; ಸಂಜೆಯದು ಗಿರಣಿಯ ಚಾಳುಗಳಿಗೆ. ಒಂದೇ ಬದನೆಕಾಯಿ ದಿನದ ಎರಡು ಹೊತ್ತಿನಲ್ಲಿ ಎರಡು ಜಾತಿಯದಾಗುತ್ತಿತ್ತು.

ಇದು ನಮ್ಮ ದೇಶದ ಬಡತನದ ಲಕ್ಷಣವೆಂದು ಯಾರೂ ತಿಳಿಯಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಶನಿವಾರ ಕೂಲಿ ಪಡೆದ ಕಾರ್ಮಿಕರ ಹೆಂಡಿರು ರಾತ್ರಿ ಬಹಳ ಹೊತ್ತಾಗುವವರೆಗೆ ಬೀದಿಯ ಮಾರುಕಟ್ಟೆಗಳಲ್ಲಿ ಕಾದು, ಭಾನುವಾರದ ಊಟಕ್ಕೆ ಮಾಂಸ ಕೊಳ್ಳುತ್ತಿದ್ದರು. ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದ ಕಟುಕನಿಗೆ ಸೋಮವಾರದವರೆಗೆ ಇಡುವ ಧೈರ್ಯವಿರಲಿಲ್ಲ. ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ 1851ರ ಸುಮಾರಿನಲ್ಲಿ ಈ ಶನಿವಾರದ ರಾತ್ರಿಗಳ ವಿವರವನ್ನು ಬರೆದಿಟ್ಟಿದ್ದಾನೆ.

ಇಲ್ಲೊಂದು ತಮಾಷೆಯ ಮಾತು ಹೇಳಲೇಬೇಕು. ನಾಗಪುರಕ್ಕೆ ವರ್ಗವಾಗಿ ಬಂದ ಕನ್ನಡಿಗರು ಸಂಜೆಯ ಪೇಟೆಯಲ್ಲಿ ‘ಸಾಂಬಾರ, ಸಾಂಬಾರ’ ಎಂಬ ಕೂಗು ಕೇಳಿ ಬಿಸಿಬಿಸಿ ಹುಳಿಯನ್ನು ನೆನೆದು ತಿರುಗಿ ನೋಡುವುದುಂಟು. ಅಲ್ಲಿರುವುದು ಕೊತ್ತಂಬರಿ ಸೊಪ್ಪಿನ ರಾಶಿ! ವಿದರ್ಭದ ಮರಾಠಿಯಲ್ಲಿ ಕೊತ್ತಂಬರಿಗೆ ಸಾಂಬಾರ ಎನ್ನುತ್ತಾರೆ. ಚಳಿಗಾಲದಲ್ಲಿ ಅದು ಮಿತಿಮೀರಿ ಬಂದು, ಸಂಜೆಗೆ ಕೇಳುವವರಿಲ್ಲದಷ್ಟು ಅಗ್ಗವಾಗುತ್ತದೆ. ಆ ಹೊರೆಯನ್ನು ಮನೆಗೆ ತಂದು ಹೆಚ್ಚಿ, ಖಾರ ಮಸಾಲೆ ಬೆರೆಸಿ, ಕಡಲೆಹಿಟ್ಟಿನ ಹಾಳೆಯಲ್ಲಿ ಸುತ್ತಿ ಕರಿದರೆ ಸಾಂಬಾರವಡಿಯಾಗುತ್ತದೆ. ನಾಗಪುರದ ಚಳಿಗಾಲದ ದೊಡ್ಡ ತಿನಿಸು ಅದು. ಸಂತೆಯ ಉಳಿಕೆಯಿಂದ ಹುಟ್ಟಿದ ಅಡಿಗೆಗಳನ್ನು ಯಾರಾದರೂ ಪಟ್ಟಿ ಮಾಡಿದರೆ ಇದನ್ನು ಮೊದಲ ಸಾಲಿನಲ್ಲಿ ಕೂಡಿಸಬೇಕೆಂದು ನನ್ನ ಶಿಫಾರಸು. ನಮ್ಮ ಉಪ್ಪಿನಕಾಯಿ, ಬಾಳಕಗಳಿಗೂ ಅದೇ ಪಂಕ್ತಿಯಲ್ಲಿ ಎಲೆ ಹಾಕಬೇಕಾದೀತು.

ಕಿತ್ತಳೆಯದು ಇನ್ನೊಂದು ಕಥೆ. ಅದಕ್ಕೆ ಎರಡು ಫಸಲು: ಚಳಿಗಾಲದ ಮೊದಲಿಗೆ ಬರುವ ಅಂಬಿಯಾ, ಫೆಬ್ರವರಿ ಮಾರ್ಚಿಗೆ ಬರುವ ಮೃಗ. ಸಿಪ್ಪೆ ಸಡಿಲವಾದ ಹಣ್ಣಾದುದರಿಂದ ತಿನ್ನುವವರಿಗೆ ಎಷ್ಟು ಸುಖವೋ ಸಾಗಿಸುವವರಿಗೆ ಅಷ್ಟೇ ಕಷ್ಟ; ಸ್ವಲ್ಪ ಒತ್ತಿದರೆ ಕೊಳೆಯುತ್ತದೆ. ಕಳಮನಾ ಯಾರ್ಡಿನಲ್ಲಿ ದೊಡ್ಡದು, ಚಿಕ್ಕದು, ಕಲೆಯಾದದ್ದು ಎಂದು ಆಯ್ದ ಮೇಲೆ ದೂರದ ಊರಿಗೆ ಹೋಗಲಾರದ ಹಣ್ಣು ಊರಿನ ಕೈಗಾಡಿಗಳಿಗೆ ಬರುತ್ತದೆ. 2014ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣನ್ನು ನಾಗಪುರದ ಬಡವನೂ ತಿನ್ನುತ್ತಿದ್ದರೆ ಅದಕ್ಕೆ ಈ ಆಯ್ಕೆಯಲ್ಲಿ ಬಿದ್ದ ಹಣ್ಣು ಕಾರಣ.

ಇನ್ನು ಸೂಪರ್ ಮಾರ್ಕೆಟ್ಟಿನ ಮಾತು. ಗಿರಾಕಿಯೇ ಬುಟ್ಟಿ ಹಿಡಿದು ಆರಿಸಿಕೊಳ್ಳುವ ಅಂಗಡಿ 1916ರಲ್ಲಿ ಅಮೇರಿಕದ ಮೆಂಫಿಸ್ ನಗರದಲ್ಲಿ ಆರಂಭವಾಯಿತು. ನಮ್ಮಲ್ಲಿ ಆ ದಾರಿ ತೆರೆದದ್ದು ಹೆಚ್ಚಾಗಿ ಸಹಕಾರ ಸಂಸ್ಥೆಗಳು. 1962ರ ಚೀನಾ ಯುದ್ಧದ ತರುವಾಯ ಬೆಲೆಗಳನ್ನು ಹಿಡಿದಿಡಲು ಕೇಂದ್ರ ಸರ್ಕಾರ ಬಳಕೆದಾರರ ಸಹಕಾರ ಭಂಡಾರಗಳಿಗೆ ನೆರವು ಕೊಟ್ಟಿತು. 1966ರ ಜೂನಿನಲ್ಲಿ ರೂಪಾಯಿಯ ಅಪಮೌಲ್ಯವಾಗಿ, ಮರುತಿಂಗಳೇ ದೆಹಲಿಯ ಸೂಪರ್ ಬಜಾರ್ ಬಾಗಿಲು ತೆರೆಯಿತು. ಬೆಂಗಳೂರಿನವರಿಗೆ ಜನತಾ ಬಜಾರ್, ಮುಂಬಯಿಯವರಿಗೆ ಅಪ್ನಾ ಬಜಾರ್ ನೆನಪಿರಬೇಕು. ಅಲ್ಲಿ ಚೌಕಾಸಿಯಿಲ್ಲ, ಬೆಳಿಗ್ಗೆಯೂ ಸಂಜೆಯೂ ಒಂದೇ ದರ. ಅದನ್ನೇ ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಸಂಜೆಯ ರಿಯಾಯಿತಿ ಈ ಬಗೆಯ ಅಂಗಡಿಗೆ ಹಿಂದಿರುಗಲು ಎರಡು ಸಂಗತಿಗಳು ಬೇಕಾದವು. ಒಂದು, ಪೊಟ್ಟಣದ ಮೇಲೆ ಅಚ್ಚಾದ ಬೆಲೆ. 1977ರ ಪೊಟ್ಟಣ ಸರಕುಗಳ ನಿಯಮಗಳಿಗೆ 1990ರಲ್ಲಿ ತಿದ್ದುಪಡಿಯಾಗಿ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಬಂತು. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ, ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಹೀಗೆ ಎಷ್ಟು ಇಳಿಸಿದರೆಂಬುದು ಗಿರಾಕಿಯ ಕಣ್ಣಿಗೆ ಕಾಣತೊಡಗಿತು. ಎರಡನೆಯದು ತಾರೀಖು. ಸಂತೆಯಲ್ಲಿ ಸೊಪ್ಪು ಬಾಡಿದ್ದನ್ನು ಕಣ್ಣೇ ಹೇಳುತ್ತದೆ. ಡಬ್ಬಿಯೊಳಗಿನ ಮೊಸರಿಗೆ ತಾರೀಖು ಹೇಳಬೇಕು. ಅವಧಿ ಮುಗಿದ ಮೇಲೆ ಮಾರಿದರೆ ಅಪರಾಧ, ಎಸೆದರೆ ಪೂರ್ತಿ ನಷ್ಟ. ಮುಗಿಯುವ ಮುನ್ನ ಅರ್ಧ ಬೆಲೆಗೆ ಕೊಟ್ಟರೆ ಅರ್ಧವಾದರೂ ಬಂತು. 2020ರ ಅಕ್ಟೋಬರ್ 1ರಿಂದ ಬಿಡಿಯಾಗಿ ಮಾರುವ ಮಿಠಾಯಿಗೂ ಅವಧಿಯ ತಾರೀಖು ತೋರಿಸಬೇಕೆಂದು ನಿಯಮ ಬಂದ ಮೇಲೆ ನಾಗಪುರದ ಸಂತ್ರಾ ಬರ್ಫಿಯ ತಟ್ಟೆಗೂ ಒಂದು ಜಾತಕ ಅಂಟಿಕೊಂಡಿತು.

2001ರಲ್ಲಿ ಆರಂಭವಾದ ಬಿಗ್ ಬಜಾರ್ ದೇಶದ ತುಂಬ ಮಳಿಗೆ ತೆರೆದು, ಗಿರಾಕಿಗಳು ಕಡಿಮೆ ಬರುವ ಬುಧವಾರವನ್ನು ವಾರದ ಅತ್ಯಂತ ಅಗ್ಗದ ದಿನವೆಂದು ಸಾರಿತು. ಬುಧವಾರ ಬಜಾರೆಂಬ ಪೇಟೆಯೇ ಇರುವ ನಾಗಪುರದ ಹಳಬರಿಗೆ ಇದು ಹೊಸ ಸುದ್ದಿಯಾಗಿ ಕೇಳಿಸಿರಲಾರದು. 2022ರಲ್ಲಿ ಆ ಮಳಿಗೆಗಳು ಕೈಬದಲಾಗಿ ಹೆಸರೇ ಮರೆಯಾಯಿತು. ಬುಧವಾರ ಬಜಾರಿನ ಹೆಸರು ಉಳಿದಿದೆ. ಎಂಪ್ರೆಸ್ ಮಿಲ್ಲಾದರೋ 1986ರಲ್ಲಿ ಟಾಟಾರ ಕೈಬಿಟ್ಟು ಸರ್ಕಾರದ ಜವಳಿ ನಿಗಮಕ್ಕೆ ಹೋಗಿ, 2002ರಲ್ಲಿ ಮುಚ್ಚಿಹೋಯಿತು. ಗಾಂಧೀಸಾಗರದ ಬಳಿಯ ಆ ನೆಲದ ಮೇಲೆ ಈಗ ಎಂಪ್ರೆಸ್ ಎಂಬ ಹೆಸರಿನ ಮಾಲ್ ನಿಂತಿದೆ.

ಸಂತೆಯ ಗುಡ್ಡೆಗೂ ಮಳಿಗೆಯ ಚೀಟಿಗೂ ನನ್ನ ಲೆಕ್ಕದಲ್ಲಿ ದೊಡ್ಡ ಅಂತರವಿದೆ. ಮಳಿಗೆಯಲ್ಲಿ ಇಳಿಸಿದ ಬೆಲೆ ಮೊದಲೇ ಲೆಕ್ಕಕ್ಕೆ ಹಿಡಿದ ನಷ್ಟ. ನೂರು ಸರಕಿನ ಲಾಭದಲ್ಲಿ ಅದು ಮುಚ್ಚಿಹೋಗುತ್ತದೆ. ಬುಟ್ಟಿಯವಳಿಗೆ ಅದು ಆ ದಿನದ ಕೂಲಿಯಿಂದಲೇ ಕಳೆಯಬೇಕಾದದ್ದು. ಆದುದರಿಂದ ಚೀಟಿ ಅಂಟಿದ ಬ್ರೆಡ್ಡನ್ನು ಸಂತೋಷವಾಗಿ ಕೊಳ್ಳಿರಿ. ಕತ್ತಲಾಗುವಾಗ ಗುಡ್ಡೆಗೆ ಹತ್ತು ರೂಪಾಯಿ ಎಂದವಳ ಹತ್ತಿರ ಐದಕ್ಕೆ ಕೇಳುವುದು ಬೇಡ. ಉಳಿದ ಮಾಲು ಎಲ್ಲಿಗೆ ಹೋಗುತ್ತದೆ ಎಂಬುದೂ ಬೇರೆ ಬೇರೆ. ಸಂತೆಯದು ದನಕರುಗಳಿಗೆ. ಮಳಿಗೆಯದು ಕಸಕ್ಕೆ ಹೋಗಬಾರದೆಂದು ಫ್ರಾನ್ಸ್ 2016ರಲ್ಲಿ ಕಾನೂನು ಮಾಡಿ, 400 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಉಳಿದ ಆಹಾರವನ್ನು ಧರ್ಮಸಂಸ್ಥೆಗಳಿಗೆ ಕೊಡುವ ಏರ್ಪಾಟು ಮಾಡಿಕೊಳ್ಳಬೇಕೆಂದಿತು. ನಮ್ಮಲ್ಲಿಯೂ 2019ರಲ್ಲಿ ಉಳಿಕೆ ಆಹಾರದ ವಿತರಣೆಗೆ ನಿಯಮಗಳಾದವು, ಕಡ್ಡಾಯವಿಲ್ಲ.

ಈಗ ಮೊಬೈಲಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಕೊತ್ತಂಬರಿ ಬಾಗಿಲಿಗೆ ಬರುವ ಕಾಲ. ಗಿರಾಕಿ ಕಾಲಿಡದ ಆ ಉಗ್ರಾಣಗಳಿಗೆ ಮುಚ್ಚುವ ಹೊತ್ತು ಕಾಣಿಸುವುದಿಲ್ಲ, ಬಾಡಿದ ಸೊಪ್ಪೂ ಕಾಣಿಸುವುದಿಲ್ಲ. 2024ರ ನವೆಂಬರಿನಲ್ಲಿ ಆಹಾರ ಸುರಕ್ಷಾ ಪ್ರಾಧಿಕಾರವು ಇಂಥ ವ್ಯಾಪಾರಿಗಳಿಗೆ, ಮನೆಗೆ ಮುಟ್ಟಿಸುವ ಹೊತ್ತಿಗೆ ಪದಾರ್ಥದ ಅವಧಿಯಲ್ಲಿ ಶೇಕಡಾ 30ರಷ್ಟಾದರೂ ಅಥವಾ 45 ದಿನಗಳಾದರೂ ಉಳಿದಿರಬೇಕೆಂದು ಸೂಚನೆ ಕೊಟ್ಟಿತು. ಅಂದರೆ ಮುಗಿಯುತ್ತ ಬಂದ ಮಾಲು ಆ ದಾರಿಯಿಂದ ಬಡವನಿಗೆ ಅಗ್ಗವಾಗಿ ಮುಟ್ಟುವಂತಿಲ್ಲ. ಅದಕ್ಕೆ ಇಂದಿಗೂ ಕಾಲ್ನಡಿಗೆಯಲ್ಲೇ ಪೇಟೆಗೆ ಹೋಗಬೇಕು.