ಅಂಗಳದಾಚೆಗಿನ ಪಾಠ

ಸಂಪಾಜೆಯಿಂದ ಸುಳ್ಯ, ಪುತ್ತೂರಿನ ಕಡೆಗೆ ಕಾಣಸಿಗುವ ಹಳೆಯ ದೊಡ್ಡ ಮನೆಗಳ ಕ್ರಮ ಬಹುಮಟ್ಟಿಗೆ ಒಂದೇ: ಅಂಗಳ, ಜಗಲಿ, ಚಾವಡಿ, ಅದರಾಚೆ ಮಬ್ಬುಗತ್ತಲ ಒಳಕೋಣೆಗಳು, ಮೇಲೆ ಉಪ್ಪರಿಗೆ. ಈ ಕ್ರಮವನ್ನು ಸೌಂದರ್ಯವೆಂದಷ್ಟೇ ನೋಡಿದರೆ ಚರಿತ್ರೆ ಅರ್ಧ ತಪ್ಪಿಹೋಗುತ್ತದೆ. ಯಾರು ಎಲ್ಲಿಯವರೆಗೆ ಬರಬಹುದೆಂಬ ಲೆಕ್ಕವೂ ಅದರಲ್ಲಿತ್ತು. ಗೇಣಿ ತಂದ ಒಕ್ಕಲಿಗೆ ಅಂಗಳ, ಸರೀಕರಿಗೆ ಚಾವಡಿ, ಒಳಗೇನಿದ್ದರೂ ಮನೆಯವರದ್ದು.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಉಳುವವನಿಗೆ ಭೂಮಿ ಸಿಕ್ಕಿತು. ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ಮನೆಗಳಿಗೆ ಮಾಡು ರಿಪೇರಿಯೂ ಭಾರವಾಯಿತು. ಕೂಡುಕುಟುಂಬಗಳು ಪಾಲಾದವು. ಕರಾವಳಿಯುದ್ದಕ್ಕೂ ಕಂಬ, ಬಾಗಿಲು, ಮುಚ್ಚಿಗೆಗಳು ಮರದ ಬೆಲೆಗೆ ಮಾರಾಟವಾದವು.

ಹಾಗೆ ಬಿಚ್ಚಿದ ಮನೆಗಳ ಭಾಗಗಳನ್ನು ಹುಡುಕಿ ತಂದವರು ವಿಜಯನಾಥ ಶೆಣೈ. ಅವರು ಬ್ಯಾಂಕಿನ ಉದ್ಯೋಗಿ. ಪದವಿ ಪಡೆದ ವಾಸ್ತುಶಿಲ್ಪಿಯಲ್ಲ. ಆ ಭಾಗಗಳನ್ನೇ ಜೋಡಿಸಿ ಮಣಿಪಾಲದಲ್ಲಿ 'ಹಸ್ತಶಿಲ್ಪ' ಎಂಬ ಮನೆ ಕಟ್ಟಿಕೊಂಡರು. ನೋಡಲು ಬರುವವರು ಹೆಚ್ಚಿದಂತೆ ಮನೆಯನ್ನು ಅವರಿಗೇ ಬಿಟ್ಟುಕೊಟ್ಟು ತಾವು ಬೇರೆಡೆಗೆ ಹೋದರು. ಮುಂದೆ ಅಲ್ಲಿಯೇ ಪರಂಪರೆ ಗ್ರಾಮ ಬೆಳೆಯಿತು. ಮಿಯಾರು ಮನೆ, ಹರ್ಕೂರಿನ ಒಳಗಿನ ಮನೆ, ಕುಕನೂರಿನ ಕಮಲ ಮಹಲು ಬಿಚ್ಚಿಕೊಂಡು ಬಂದು ಮತ್ತೆ ಎದ್ದುನಿಂತವು. ಶೆಣೈ 2017ರಲ್ಲಿ ತೀರಿಕೊಂಡರು.

ಈ ಕೆಲಸದ ಬಗ್ಗೆ ಒಂದು ತಕರಾರು ಸಹಜ. ಊರು, ತೋಟ, ದೈವ, ಮನೆಮಂದಿ ಯಾವುದೂ ಇಲ್ಲದೆ ನಿಂತ ಮನೆ ಮನೆಯೇ? ಒಲೆಯಲ್ಲಿ ಹೊಗೆಯಿಲ್ಲ, ಬಾಣಂತಿಕೋಣೆಯಲ್ಲಿ ಮಗುವಿನ ಅಳುವಿಲ್ಲ. ದುಡಿದವರ ಬೆವರೂ ಅಲ್ಲಿ ಕಾಣುವುದಿಲ್ಲ. ತಕರಾರು ನ್ಯಾಯವಾದದ್ದೇ.

ಆದರೂ ಇನ್ನೊಂದು ಮಾತಿದೆ. ಅಂಗಳದಲ್ಲೇ ನಿಂತು ಹಿಂದಿರುಗಿದ ಒಕ್ಕಲಿನ ಮೊಮ್ಮಗಳು ಇಂದು ಟಿಕೆಟು ಕೊಂಡು ಅಂಥ ಮನೆಯ ಒಳಕೋಣೆಯವರೆಗೂ ನಡೆಯಬಹುದು. ಹೊಸ್ತಿಲು ಯಾಕಿಷ್ಟು ಎತ್ತರ, ಹೆಂಗಸರ ಕೆಲಸದ ಜಾಗಕ್ಕೆ ಯಾಕಿಷ್ಟು ಕಡಿಮೆ ಬೆಳಕು ಎಂದು ಕೇಳಬಹುದು. ಒಳಾಂಗಣವನ್ನು ಸಾರ್ವಜನಿಕರಿಗೆ ಕಲಿಸುವುದೆಂದರೆ ಮೊದಲು ಬಾಗಿಲು ತೆರೆಯುವುದು. ಅಷ್ಟನ್ನು ಶೆಣೈ ಮಾಡಿದರು.

ಈಗ ನಮ್ಮ ಕಡೆಯ ಹೊಸ ಮನೆಗಳಲ್ಲಿ ಜಗಲಿ ಸಿಟ್‌ಔಟ್ ಆಗಿದೆ, ಹಳೆಯ ಕಂಬ ಹೋಂಸ್ಟೇಗಳ ಅಲಂಕಾರವಾಗಿದೆ. ಕಂಬವನ್ನು ಮೆಚ್ಚುವುದು ಸುಲಭ. ಅದಕ್ಕೆ ಒರಗಿ ಕೂರುವ ಹಕ್ಕು ಯಾರಿಗಿತ್ತು ಎಂದು ಕೇಳುವುದನ್ನು ನಾವಿನ್ನೂ ಕಲಿಯಬೇಕಿದೆ.