ಗಡಂಗಿನ ಹಿಂಬಾಗಿಲು

ನಮ್ಮ ಕರಾವಳಿಯಲ್ಲಿ ಹೆಂಡ-ಸಾರಾಯಿ ಅಂಗಡಿಗೆ ಗಡಂಗು ಎನ್ನುತ್ತಾರೆ. ಮರ್ಯಾದಸ್ಥ ಹೆಂಗಸರು ಆ ಕಡೆ ಮುಖ ತಿರುಗಿಸದೆ ನಡೆಯಬೇಕೆಂಬ ಕಟ್ಟುಪಾಡಿನಲ್ಲಿ ಬೆಳೆದವಳು ನಾನು. ನೆಲ್ಯಾಡಿ ಹೆದ್ದಾರಿಯ ಊರು. ಉಪ್ಪಿನಂಗಡಿ ದಾಟಿ ಬಂದ ಲಾರಿಗಳು ಶಿರಾಡಿ ಘಾಟಿ ಹತ್ತುವ ಮೊದಲು ಇಲ್ಲಿ ಉಸಿರು ಬಿಡುತ್ತಿದ್ದವು. ರಬ್ಬರು ಟ್ಯಾಪಿಂಗ್‌ನವರು, ಅಡಿಕೆ ಸುಲಿಯುವವರು, ಮರ ಎಳೆಯುವವರು ಸಂಜೆ ಗಡಂಗಿಗೆ ಸೇರುತ್ತಿದ್ದರು. ಗ್ಲಾಸಿನ ಜೊತೆಗೆ ಎಲೆಯ ಚೂರಿನಲ್ಲಿ ಬೋಟಿ, ಅಂದರೆ ಆಡಿನ ಕರುಳು, ಕರಿಮೆಣಸು ಹಾಕಿ ಹುರಿದದ್ದು. ಮಾಂಸ ಕೊಳ್ಳಲಾಗದವನಿಗೆ ಅದೇ ಮಾಂಸ.

ಕುಡಿತದ ಚರಿತ್ರೆ ಸರಕಾರದ ಕಾಗದಗಳಲ್ಲಿ ಬೇಕಾದಷ್ಟಿದೆ. ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದಾಗ 1948ರಲ್ಲಿ ಪಾನನಿರೋಧ ಬಂತು. 1956ರಲ್ಲಿ ನಾವು ಮೈಸೂರಿಗೆ ಸೇರಿದೆವು. 1967ರಲ್ಲಿ ನಿರೋಧ ಸಡಿಲಾಯಿತು. ಆಮೇಲೆ ಪ್ಯಾಕೆಟ್ ಸಾರಾಯಿಯ ಕಾಲ. 2007ರ ಜುಲೈ 1ರಿಂದ ಸಾರಾಯಿಯೇ ನಿಷೇಧವಾಯಿತು. ತೆಂಗಿನ ಕಳ್ಳು ಮಾತ್ರ ನಮ್ಮಲ್ಲಿ ಉಳಿಯಿತು. ಆದರೆ ಕರುಳು ತೊಳೆದವರ ಲೆಕ್ಕ ನಾನು ಓದಿದ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಜಪಾನಿನಲ್ಲೂ ಗಡಂಗು ಉಂಟು, ಇಜಕಾಯ ಅಂತ. ಮದ್ಯ ಮಾರುವ ಅಂಗಡಿಯಲ್ಲೇ ಕೂತು ಕುಡಿಯುವುದು ಎಂದು ಆ ಹೆಸರಿನ ಅರ್ಥ. ಕೆಲವು ಕಡೆ ಕರುಳು, ಪಿತ್ತಜನಕಾಂಗ, ಹೃದಯಗಳನ್ನು ಬಿದಿರಿನ ಕಡ್ಡಿಗೆ ಸಿಕ್ಕಿಸಿ ಕೆಂಡದ ಮೇಲೆ ಸುಡುತ್ತಾರೆ. 1945ರಲ್ಲಿ ಯುದ್ಧ ಸೋತು ಊಟಕ್ಕೆ ತತ್ವಾರವಾದಾಗ ಕಾಳಸಂತೆಯ ಗೂಡಂಗಡಿಗಳಲ್ಲಿ ಇದು ಬಹಳ ನಡೆಯಿತಂತೆ. ಅಲ್ಲಿ ನೆಲೆಸಿದ್ದ ಕೊರಿಯಾದ ಬಡವರ ಪಾಲು ಅದರಲ್ಲಿ ದೊಡ್ಡದು. ಅದನ್ನು ‘ಹೊರುಮೋನ್’ ಎನ್ನುತ್ತಾರೆ. ಬಿಸಾಡುವ ವಸ್ತು ಎಂಬ ಒಸಾಕಾದ ಮಾತಿನಿಂದ ಆ ಹೆಸರು ಬಂತು ಎನ್ನುವವರಿದ್ದಾರೆ. ಈಗ ಅಲ್ಲಿ ಅದನ್ನು ಆಫೀಸಿನವರೂ ಇಷ್ಟಪಟ್ಟು ತಿನ್ನುತ್ತಾರೆ.

ನಮ್ಮ ಗಡಂಗಿನ ಹಿಂಬಾಗಿಲಲ್ಲಿ ಒಬ್ಬಳಿದ್ದಳು. ಕರುಳನ್ನು ಕಡ್ಡಿಗೆ ಸಿಕ್ಕಿಸಿ ಒಳಗಿನದನ್ನು ಹೊರಗೆ ಮಾಡಿ, ಉಪ್ಪು ಅರಸಿನ ತಿಕ್ಕಿ, ಬಿಸಿನೀರಿನಲ್ಲಿ ನಾಲ್ಕೈದು ಸಲ ತೊಳೆಯುತ್ತಿದ್ದಳು. ತೊಂಬತ್ತರ ದಶಕದ ಕೊನೆಯಲ್ಲಿ ಅವಳ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಲೆಕ್ಕದಲ್ಲಿ ಚುರುಕು. ಬಟ್ಟೆ ವಾಸನೆ ಬರುತ್ತದೆಂದು ಉಳಿದ ಮಕ್ಕಳು ದೂರಿದರು. ನಾನು ಅವರಿಗೆ ಬುದ್ಧಿ ಹೇಳಬೇಕಿತ್ತು. ಹೇಳಲಿಲ್ಲ, ಹುಡುಗಿಯನ್ನು ಕಿಟಕಿಯ ಪಕ್ಕದ ಕೊನೆ ಬೆಂಚಿಗೆ ಕಳಿಸಿದೆ. ಗಾಳಿ ಚೆನ್ನಾಗಿ ಬರುತ್ತದೆ ಎಂದು ಸುಳ್ಳು ಕಾರಣವನ್ನೂ ಕೊಟ್ಟೆ. ಆ ವರ್ಷದ ಫೀಸು, ಪುಸ್ತಕ ಎಲ್ಲ ಆ ಕರುಳಿನದೇ ದುಡ್ಡು.

ಸಾರಾಯಿ ನಿಂತಾಗ ನನಗೆ ಸಂತೋಷವಾಗಿತ್ತು. ಗಂಡನ ಸಂಬಳವೆಲ್ಲ ಪ್ಯಾಕೆಟ್ಟಿಗೆ ಹೋದ ಮನೆಗಳನ್ನು ಕಂಡವಳಿಗೆ ಸಂತೋಷವಾಗದಿದ್ದೀತೆ? ಮರುವರ್ಷ ಆ ತಾಯಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು, ಸೊಂಟದಲ್ಲಿ ಬೀಡಿಯ ಸೂಪು.

“ಈಗ ಬೀಡಿ ಟೀಚರ್, ಕೂತೇ ಮಾಡುವ ಕೆಲಸ. ಆದರೆ ಬೋಟಿಯಷ್ಟು ದುಡ್ಡು ಹುಟ್ಟುವುದಿಲ್ಲ” ಅಂದಳು. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳಂತೆ. ನನ್ನನ್ನು ಆಗಾಗ ನೆನಪು ಮಾಡುತ್ತಾಳಂತೆ. ಏನೆಂದು ನೆನಪು ಮಾಡುತ್ತಾಳೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.