ಹಾಲಿವುಡ್ಡಿನ ಖಾಯಂ ಸಾರ್ಜೆಂಟರು

ಹಾಲಿವುಡ್ಡಿನ ಯುದ್ಧಚಿತ್ರದಲ್ಲಿ ನಾಯಕ ಯಾರಾದರೂ ಆಗಲಿ, ಅವನ ಬೆವರಿಳಿಸಲು ಒಬ್ಬ ಸಾರ್ಜೆಂಟ್ ಇರಲೇಬೇಕು. ಹಿಂದಿ ಚಿತ್ರಗಳಲ್ಲಿ ಪೊಲೀಸ್ ಇನ್ಸ್‌ಪೆಕ್ಟರ್ ಎಂದರೆ ಜಗದೀಶ್ ರಾಜ್ ಎಂಬಂತಾಗಿತ್ತಲ್ಲ, ಅಲ್ಲಿಯೂ ಕೆಲವು ಪೋಷಕ ನಟರಿಗೆ ಸಮವಸ್ತ್ರವೇ ಅನ್ನ ಕೊಟ್ಟಿತು.

ಮೊದಲ ತಲೆಮಾರಿನ ಸಾರ್ಜೆಂಟ್ ಇಷ್ಟು ಉಗ್ರನಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದಲ್ಲಿದ್ದ ವಿಕ್ಟರ್ ಮೆಕ್‌ಲಾಗ್ಲೆನ್ 1935ರ ‘ದಿ ಇನ್ಫಾರ್ಮರ್’ ಚಿತ್ರಕ್ಕೆ ಆಸ್ಕರ್ ಪಡೆದಿದ್ದರು. ಆದರೂ 1948ರಿಂದ 1950ರವರೆಗೆ ಬಂದ ಜಾನ್ ಫೋರ್ಡ್ ಅವರ ಮೂರು ಅಶ್ವದಳ ಚಿತ್ರಗಳಲ್ಲಿ ಅವರಿಗೆ ಸಿಕ್ಕಿದ್ದು ಕುಡಿದು ನಗಿಸುವ, ಒಳಗೊಳಗೇ ಮೆದುವಾದ ಸಾರ್ಜೆಂಟನ ಪಾತ್ರ. 1957ರ ‘ದಿ ಡಿ.ಐ.’ ಚಿತ್ರದಲ್ಲಿ ಜಾಕ್ ವೆಬ್ ಆ ನಗುವನ್ನು ತೆಗೆದುಹಾಕಿದರು. 1982ರ ‘ಆ್ಯನ್ ಆಫೀಸರ್ ಆ್ಯಂಡ್ ಎ ಜಂಟಲ್‌ಮನ್’ ಚಿತ್ರದ ತರಬೇತುದಾರನ ಪಾತ್ರಕ್ಕೆ ಲೂಯಿಸ್ ಗಾಸೆಟ್ ಆಸ್ಕರ್ ಪಡೆದಾಗ ಗದರಿಕೆಗೂ ಮಾನ್ಯತೆ ಬಂತು.

ಇವರೆಲ್ಲ ನಟರು. ಆರ್. ಲೀ ಎರ್ಮಿ ಹಾಗಲ್ಲ. 1961ರಲ್ಲಿ ಮೆರೈನ್ ಪಡೆ ಸೇರಿ, ಸ್ಯಾನ್ ಡಿಯಾಗೋದಲ್ಲಿ ಹೊಸಬರಿಗೆ ಡ್ರಿಲ್ ಮಾಡಿಸಿ, ವಿಯೆಟ್ನಾಂಗೂ ಹೋಗಿಬಂದವರು. 1972ರಲ್ಲಿ ಅನಾರೋಗ್ಯದಿಂದ ನಿವೃತ್ತರಾಗಿ ಫಿಲಿಪ್ಪೀನ್ಸ್‌ನಲ್ಲಿ ಓದುತ್ತಿದ್ದಾಗ, ಅಲ್ಲಿ ಚಿತ್ರೀಕರಣವಾಗುತ್ತಿದ್ದ ಯುದ್ಧಚಿತ್ರಗಳೇ ಅವರನ್ನು ಎಳೆದುಕೊಂಡವು. ಸ್ಟ್ಯಾನ್ಲಿ ಕುಬ್ರಿಕ್ ‘ಫುಲ್ ಮೆಟಲ್ ಜಾಕೆಟ್’ಗೆ (1987) ಅವರನ್ನು ಕರೆದದ್ದು ಸಲಹೆಗಾರರಾಗಿ. ಸಾರ್ಜೆಂಟ್ ಹಾರ್ಟ್‌ಮನ್ ಪಾತ್ರಕ್ಕೆ ಬೇರೊಬ್ಬರು ಗೊತ್ತಾಗಿದ್ದರು. ಎರ್ಮಿ ಬಿಡಲಿಲ್ಲ. ಮೈಮೇಲೆ ಚೆಂಡುಗಳು ತೂರಿಬರುತ್ತಿದ್ದರೂ ಅಳುಕದೆ, ತಡವರಿಸದೆ ಬೈಯುತ್ತಲೇ ಹೋದ ವಿಡಿಯೊ ಒಂದನ್ನು ಮಾಡಿಸಿದರು. ಪಾತ್ರ ಅವರ ಪಾಲಾಯಿತು. ಒಂದೊಂದು ಶಾಟನ್ನು ಹತ್ತಾರು ಸಲ ತೆಗೆಯುವ ಕುಬ್ರಿಕ್, ಈ ಹೊಸಬನಿಗೆ ತನ್ನದೇ ಬೈಗುಳ ಸೇರಿಸಲು ಬಿಟ್ಟದ್ದು ಸಣ್ಣ ಮಾತಲ್ಲ.

ವಿಚಿತ್ರವೆಂದರೆ, ಚಿತ್ರದಲ್ಲಿ ಹಾರ್ಟ್‌ಮನ್ ಸಾಯುವುದು ತಾನೇ ಹಿಂಸಿಸಿ ತಯಾರು ಮಾಡಿದ ಹುಡುಗನ ಗುಂಡಿಗೆ. ಕುಬ್ರಿಕ್ ಟೀಕಿಸಿದ್ದನ್ನೇ ಪ್ರೇಕ್ಷಕರು ಮೆಚ್ಚಿ ಅನುಕರಿಸಿದರು. ‘ಟಾಯ್ ಸ್ಟೋರಿ’ಯ ಪ್ಲಾಸ್ಟಿಕ್ ಸೈನಿಕರಿಗೂ ಎರ್ಮಿಯದೇ ದನಿಯ ಸಾರ್ಜೆಂಟ್! ‘ದಿ ಫ್ರೈಟನರ್ಸ್‌’ನಲ್ಲಂತೂ ಅವರು ಸಾರ್ಜೆಂಟ್ ಭೂತ. 2002ರಲ್ಲಿ ಮೆರೈನ್ ಪಡೆ ಅವರಿಗೆ ಗನ್ನರಿ ಸಾರ್ಜೆಂಟ್ ಎಂಬ ಗೌರವ ಬಡ್ತಿ ಕೊಟ್ಟಿತು. ತೆರೆಯ ಮೇಲೆ ಹಾರ್ಟ್‌ಮನ್‌ಗೆ ಮೊದಲೇ ಇದ್ದ ಹುದ್ದೆ ಅದು.

ಇದೇ ದಾರಿಯಲ್ಲಿ ಬಂದ ನಿವೃತ್ತ ಮೆರೈನ್ ಕ್ಯಾಪ್ಟನ್ ಡೇಲ್ ಡೈ, ‘ಪ್ಲಟೂನ್’ (1986) ನಟರಿಗೆ ಕಾಡಿನಲ್ಲಿ ತರಬೇತಿ ಕೊಟ್ಟು, ತಾವೂ ಬಣ್ಣ ಹಚ್ಚಿ, ಸಲಹೆಯನ್ನೇ ಒಂದು ಕಂಪನಿಯಾಗಿ ಬೆಳೆಸಿದರು.

ಒಂದೇ ಅಚ್ಚಿನ ಪಾತ್ರಗಳಿಂದ ಎರ್ಮಿಗೆ ನಷ್ಟವಾಗಲಿಲ್ಲ. ನಷ್ಟವಾದದ್ದು ನಮಗೆ. 1995ರ ‘ಡೆಡ್ ಮ್ಯಾನ್ ವಾಕಿಂಗ್’ನಲ್ಲಿ ಅವರು ಕೊಲೆಯಾದ ಹುಡುಗಿಯ ತಂದೆ. ಕೊಲೆಗಾರನಿಗೆ ಆಸರೆಯಾಗಿರುವ ಸನ್ಯಾಸಿನಿಯನ್ನು ಮನೆಯಿಂದ ಹೊರಗೆ ಕಳಿಸುವಾಗಿನ ಅವರ ಸಿಟ್ಟಿನಲ್ಲಿ ಪರೇಡ್ ಮೈದಾನದ ಆರ್ಭಟವಿಲ್ಲ, ಬರೀ ಸಂಕಟ. ನನ್ನ ಲೆಕ್ಕದಲ್ಲಿ ಅದು ಹಾರ್ಟ್‌ಮನ್‌ಗಿಂತ ಮೇಲಿನ ಅಭಿನಯ. ಎರ್ಮಿಯವರನ್ನು ಬೈಗುಳದ ತುಣುಕುಗಳಲ್ಲಷ್ಟೇ ಕಂಡವರು ಆ ಚಿತ್ರವನ್ನು ಹುಡುಕಿ ನೋಡಬೇಕು.